ಅರ್ಜಿಯಲ್ಲೇ ಕನ್ನಡ ಎಂದು ಗುರುತು ಹಾಕಿ



ನಾನು ಪಿಯುಸಿಗೇ ಓದು ನಿಲ್ಲಿಸಿ ಪ್ರೆಸ್ ಇಟ್ಟವನು. ಅಸಿಸ್ಟೆಂಟ್ ಮ್ಯಾನೇಜರ್ ಕೆಲಸದ ಬಗ್ಗೆ ಇವನೇನು ಹೇಳಿಯಾನು ಅನ್ನಬೇಡಿ. ನಮ್ಮಲ್ಲಿ ಪ್ರೂಫ್ ತಿದ್ದುವ ಬಿ.ಕಾಂ. ಹುಡುಗ ಗ್ರಾಮೀಣ ಬ್ಯಾಂಕಿನ ಆಫೀಸರ್ ಸ್ಕೇಲ್-1 ಪರೀಕ್ಷೆ ಬರೆದು ಸೋತ. ಅಸಿಸ್ಟೆಂಟ್ ಮ್ಯಾನೇಜರ್ ಅಂದರೆ ಅದೇ ಹುದ್ದೆ. ಯಾವುದೇ ಪದವಿ ಸಾಕು.

ಈ ಪರೀಕ್ಷೆ ಕನ್ನಡದಲ್ಲೂ ಇರುತ್ತದೆಂದು 2019ರಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. ನಮ್ಮ ಹುಡುಗ ಅರ್ಜಿಯಲ್ಲಿ ಇಂಗ್ಲಿಷಿಗೆ ಗುರುತು ಹಾಕಿದ್ದ! ಯಾಕಪ್ಪಾ ಎಂದರೆ, "ಲೆಕ್ಕದ ಕನ್ನಡ ಪದಗಳು ಗೊತ್ತಿಲ್ಲ ಸಾರ್" ಅಂದ. ದಿನವಿಡೀ ಕನ್ನಡ ತಿದ್ದುವವನ ಮಾತಿದು!

ಪ್ರಿಲಿಮ್ಸ್‌ನಲ್ಲಿ 45 ನಿಮಿಷಕ್ಕೆ 80 ಪ್ರಶ್ನೆ. ತರ್ಕ 40, ಲೆಕ್ಕ 40. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಇಂಗ್ಲಿಷಿನಲ್ಲಿ ಓದಿ, ಮನಸ್ಸಿನಲ್ಲೇ ಕನ್ನಡಕ್ಕೆ ತಂದು ಉತ್ತರಿಸಲು ಪುರುಸೊತ್ತೆಲ್ಲಿ? ಶಾಲೆಯ ಕನ್ನಡ ಗಣಿತ ಪುಸ್ತಕ ತೆಗೆಯಿರಿ. ಶೇಕಡಾ, ಬಡ್ಡಿ, ಅನುಪಾತ, ಸರಾಸರಿ ಎಲ್ಲ ಅಲ್ಲೇ ಇವೆ. ಗಡಿಯಾರ ಎದುರಿಟ್ಟುಕೊಂಡು ದಿನಕ್ಕೊಂದು ಮಾದರಿ ಪತ್ರಿಕೆ ಬಿಡಿಸಿ.

ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷ್ ಇಲ್ಲವೇ ಹಿಂದಿಯ ಒಂದು ಭಾಗ ಬಂದೇ ಬರುತ್ತದೆ. ಆ ಜಗಳ ಬೇರೆ ಇದೆ, ಸದ್ಯಕ್ಕೆ ಇಂಗ್ಲಿಷನ್ನೂ ಕಲಿಯಿರಿ. ಆಮೇಲೆ ಸಂದರ್ಶನ.

ಹುಡುಗ ಈ ಸಲ ಕನ್ನಡಕ್ಕೇ ಗುರುತು ಹಾಕುತ್ತಾನಂತೆ. ರಾತ್ರಿ ಮಿಷನ್ ನಿಂತ ಮೇಲೆ ಪ್ರೆಸ್‌ನಲ್ಲೇ ಓದುತ್ತಾನೆ. ಕರೆಂಟ್ ಬಿಲ್ ನನ್ನದು.