ಹಳ್ಳಿಯ ಬಾಳನ್ನು ಕಾಯ್ದಿಡುವ ಬಗೆ



ಅರಸರ ಕಿರೀಟಗಳನ್ನೂ ಕತ್ತಿಗುರಾಣಿಗಳನ್ನೂ ಕಾಯ್ದಿಡತಕ್ಕ ವಸ್ತುಸಂಗ್ರಹಾಲಯಗಳು ಲೋಕದಲ್ಲಿ ಬಹುಕಾಲದಿಂದ ಇವೆ. ಒಕ್ಕಲಿಗನ ನೇಗಿಲಿಗೂ ಗೃಹಿಣಿಯ ಮೊರಕ್ಕೂ ಅಂಥ ಮರ್ಯಾದೆ ದೊರೆತುದು ತೀರ ತಡವಾಗಿ. 1891ರಲ್ಲಿ ಆರ್ಟುರ್ ಹಾಜೆಲಿಯುಸ್ ಎಂಬಾತನು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯವನ್ನು ತೆರೆದನು. ನಾಡಿನ ನಾನಾ ಕಡೆಗಳಿಂದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮರಳಿ ಕಟ್ಟಿದರು. ಹಳೆಯ ಉಡುಪು ತೊಟ್ಟ ಜನರು ಅವುಗಳಲ್ಲಿ ಹಳೆಯ ಕಸುಬುಗಳನ್ನು ನಡೆಸಿ ತೋರಿಸುವರು.

ನಮ್ಮಲ್ಲಿ ಈ ಕಾರ್ಯಕ್ಕೆ ಸಮೀಪವಾದುದು ರಾಮನಗರದ ಬಳಿಯ ಜಾನಪದ ಲೋಕ. ಹೆಚ್. ಎಲ್. ನಾಗೇಗೌಡರ ಶ್ರಮದಿಂದ ಅದು 1994ರಲ್ಲಿ ತೆರೆಯಿತು. ಅಲ್ಲಿಗೆ ಹೋದ ನಾವು ಒಂದು ಬೀಸುವ ಕಲ್ಲಿನ ಮುಂದೆ ಬಹಳ ಹೊತ್ತು ನಿಂತೆವು. ಕಲ್ಲೇನೋ ಇದ್ದಿತು, ಅದನ್ನು ತಿರುಗಿಸುವ ಕೈಯಾಗಲಿ, ಕೈಯ ದಣಿವನ್ನು ಮರೆಯಿಸುವ ಹಾಡಾಗಲಿ ಇರಲಿಲ್ಲ.

ಆ ಹಾಡನ್ನು ಕಾಯ್ದಿಟ್ಟವರು ಬೇರೆ. ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರು ಕೂಡಿದ್ದರು. ಅವರು ಕಟ್ಟಡವನ್ನು ಕಟ್ಟಲಿಲ್ಲ. ಹೆಂಗಸರ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಗಿ ಹೊರಬಂದಿತು. ಕೋಳಿ ಕೂಗುವ ಮುನ್ನ ಎದ್ದು, ಒಂದು ಕೈಯಿಂದ ಗೂಟ ತಿರುಗಿಸುತ್ತ, ಇನ್ನೊಂದು ಕೈಯಿಂದ ಕಲ್ಲಿನ ಬಾಯಿಗೆ ಜೋಳ ಹಾಕುತ್ತ ಹೆಂಗಸರು ಹಾಡಿದ ಹಾಡುಗಳು ಅದರಲ್ಲಿವೆ. ತವರು, ತಾಯಿ, ಅಣ್ಣತಮ್ಮಂದಿರು, ತೊಟ್ಟಿಲ ಕೂಸು, ಇವೇ ಅವುಗಳ ವಸ್ತು.

ಹೀಗೆ ಕಲ್ಲು ಒಂದು ಕಡೆ, ಹಾಡು ಒಂದು ಕಡೆ ಉಳಿದಿವೆ. ಇವೆರಡನ್ನೂ ಅಗಲಿಸಿದುದು ಹಿಟ್ಟಿನ ಗಿರಣಿ. ಗಿರಣಿ ಬಂದುದರಿಂದ ಹಾಡು ಸೊರಗಿತೆಂದು ವ್ಯಸನಪಡುವವರು ನಮ್ಮಲ್ಲಿ ಅನೇಕರುಂಟು. ಅವರಲ್ಲಿ ಬೀಸಿದವರೆಷ್ಟು ಮಂದಿ? ಮನೆಮಂದಿಗೆಲ್ಲ ರೊಟ್ಟಿಯ ಹಿಟ್ಟನ್ನು ದಿನದಿನವೂ ಬೀಸಿದವಳಿಗೆ ಗಿರಣಿಯು ವರವೇ ಆಯಿತು. ಹಾಡು ಉಳಿಯಲೆಂದು ಆಕೆಯನ್ನು ಕಲ್ಲಿಗೆ ಮರಳಿ ಕೂರಿಸುವ ಅಧಿಕಾರ ಯಾವ ರಸಿಕನಿಗೂ ಇಲ್ಲ.

ಆದರೆ ಬೀಸುವುದನ್ನು ಬಿಟ್ಟ ಮಾತ್ರಕ್ಕೆ ಬೀಸಿದವರನ್ನೂ ಮರೆಯಬೇಕೆಂದಿಲ್ಲ. ಹಳ್ಳಿಯ ಬಾಳನ್ನು ತೋರಿಸುವ ಸಂಗ್ರಹಾಲಯವು ಸೊಗಸನ್ನಷ್ಟೇ ತೋರಿಸಿದರೆ ಅದು ಅರ್ಧ ಸುಳ್ಳು ಹೇಳಿದಂತೆ. ನೋಡಲು ಬಂದವರ ಕೈಗೆ ಒಂದೊಂದು ಬೊಗಸೆ ಜೋಳ ಕೊಟ್ಟು ಬೀಸಿರೆನ್ನಲಿ. ರಟ್ಟೆ ಸೋತ ಹೊತ್ತಿಗೆ, ಬಲ್ಲ ಹೆಂಗಸೊಬ್ಬಳು ಪಕ್ಕದಲ್ಲಿ ಕುಳಿತು ಹಾಡಲಿ; ಆಕೆಗೆ ತಕ್ಕ ಸಂಭಾವನೆಯೂ ಸಲ್ಲಲಿ. ಅಚ್ಚಾದ ಪುಟವೂ ಗಾಜಿನೊಳಗಿನ ಕಲ್ಲೂ ಕಲಿಸಲಾರದ ಒಂದು ಸಂಗತಿಯನ್ನು ಅವರು ಅಲ್ಲಿ ಅರಿಯುವರು: ಅಷ್ಟು ಭಾರದ ಕೆಲಸವನ್ನು ಹೊತ್ತವರು ಅಷ್ಟು ಹಗುರಾದ ಮಾತನ್ನು ಆಡಬಲ್ಲವರಾಗಿದ್ದರು. ನಮ್ಮ ಹಿರಿಯರಿಂದ ನಾವು ಪಡೆಯಬೇಕಾದ ಆಸ್ತಿ ಇದೇ ಎಂದು ನಮ್ಮ ಎಣಿಕೆ.