ಕ್ಯಾಮೆರಾ ಎಲ್ಲಿ ಇಡೂಣ್ರಿ?



ಬೆಳಗಾವಿಯ ನಮ್ಮ ರಾಮತೀರ್ಥ ನಗರದ ಓಣಿಯ ಮೂವರು ಕಾಲೇಜು ಹುಡುಗರು ಹೋದ ತಿಂಗಳು ಮನೆಗೆ ಬಂದಿದ್ದರು. ಖಾನಾಪುರದ ಕಡೆ ಹತ್ತು ನಿಮಿಷದ ಸಿನಿಮಾ ತೆಗೆಯಬೇಕಂತೆ. ಮಗನ ಮನೆ ಬಿಟ್ಟು ಅಜ್ಜನೊಬ್ಬ ಹಳ್ಳಿಗೆ ಮರಳುತ್ತಾನೆ, ಅಷ್ಟೇ ಕಥೆ.

“ಮೊದಲನೇ ಶಾಟ್ ಡ್ರೋನ್‌ದು ಇಡೂಣ್ರಿ ಕಾಕಾ. ಮ್ಯಾಲಿಂದ ಕಾಡು, ಮಂಜು, ಮಲಪ್ರಭಾ...”

“ಅಜ್ಜ ಎಲ್ಲಿ ಅದಾನಪಾ?” ಅಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿನ ಭೀಮಗಡ ಅಭಯಾರಣ್ಯದ ಮೇಲೆ ಹಾಗೆಲ್ಲ ಡ್ರೋನ್ ಹಾರಿಸುವಂತಿಲ್ಲ, ಆ ಮಾತು ಬೇರೆ.

ಕ್ಯಾಮೆರಾ ಎಲ್ಲಿಡಬೇಕು ಎಂಬ ಪ್ರಶ್ನೆಗೆ ಸಿನಿಮಾದಷ್ಟೇ ವಯಸ್ಸು. ಫ್ರಾನ್ಸಿನ ಲ್ಯೂಮಿಯೇರ್ ಸಹೋದರರ ಬಳಿ ಇದ್ದದ್ದು ಸುಮಾರು 50 ಸೆಕೆಂಡು ಓಡುವ ರೀಲು, ಕೈಯಿಂದ ತಿರುಗಿಸುವ ಪೆಟ್ಟಿಗೆ. ರೈಲು ಬರುವುದನ್ನು ತೆಗೆಯುವಾಗ ಪೆಟ್ಟಿಗೆಯನ್ನು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಓರೆಯಾಗಿ ನಿಲ್ಲಿಸಿದರು. ದೂರದಲ್ಲಿ ಚುಕ್ಕೆಯಂತಿದ್ದ ರೈಲು ದೊಡ್ಡದಾಗುತ್ತ ಬಂದು ಪಕ್ಕದಲ್ಲೇ ಹಾದುಹೋಗುತ್ತದೆ, ಇಳಿದವರು ಕ್ಯಾಮೆರಾ ಪಕ್ಕದಲ್ಲೇ ನಡೆಯುತ್ತಾರೆ. ಕ್ಯಾಮೆರಾ ಅಲುಗಿಲ್ಲ, ಆದರೂ ಲಾಂಗ್ ಶಾಟೂ ಸಿಕ್ಕಿತು, ಹತ್ತಿರದ ಶಾಟೂ ಸಿಕ್ಕಿತು. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಅವರ ಚಿತ್ರಗಳು ಪ್ರದರ್ಶನಗೊಂಡವು.

1913ರ ‘ರಾಜಾ ಹರಿಶ್ಚಂದ್ರ’ದ ಆರಂಭದಲ್ಲಿ ರಾಜ ಮಗನಿಗೆ ಬಿಲ್ವಿದ್ಯೆ ಕಲಿಸುತ್ತಿದ್ದಾನೆ. ಅದನ್ನು ತೆಗೆದ ಫಾಲ್ಕೆಯವರ ಕ್ಯಾಮೆರಾ ನಿಂತ ಜಾಗ ಯಾವುದೆಂದರೆ, ನಾಟಕ ಕಂಪನಿಯ ಮುಂದಿನ ಸಾಲಿನ ಕುರ್ಚಿ.

ಆ ಕುರ್ಚಿಯಿಂದ ಎದ್ದವರು ನಮ್ಮ ನೆರೆಯವರೇ. ಬೆಳಗಾವಿಯಿಂದ ಹೆದ್ದಾರಿ ಹಿಡಿದು ಎರಡು ತಾಸು ಹೋದರೆ ಕೊಲ್ಲಾಪುರ. ಅಲ್ಲಿನ ಬಾಬುರಾವ್ ಪೇಂಟರ್ ನಾಟಕದ ಪರದೆ ಬರೆಯುತ್ತಿದ್ದವರು, ಕ್ಯಾಮೆರಾವನ್ನೂ ಸ್ವತಃ ಕಟ್ಟಿಕೊಂಡವರು. 1925ರ ಅವರ ‘ಸಾವಕಾರಿ ಪಾಶ’ ಸಾಲದಲ್ಲಿ ಹೊಲ ಕಳೆದುಕೊಂಡ ರೈತನ ಕಥೆ. ಅದರಲ್ಲೊಂದು ಲಾಂಗ್ ಶಾಟ್ ಇತ್ತು: ಮಬ್ಬು ಬೆಳಕಿನಲ್ಲಿ ಹಾಳು ಸುರಿಯುವ ಗುಡಿಸಲು, ಊಳಿಡುವ ನಾಯಿ. ಮೂಕಿಚಿತ್ರ ನೋಡಿ, ನಾಯಿಯ ದನಿ ಯಾರಿಗೂ ಕೇಳಿಸಲಿಲ್ಲ. ಆದರೂ ನಿರ್ಮಾಪಕ ಜೆ.ಬಿ.ಎಚ್. ವಾಡಿಯಾ ಎಷ್ಟೋ ಕಾಲದ ಮೇಲೂ ಆ ಶಾಟನ್ನು ನೆನೆದರು. ಸಾಲಗಾರನ ಮುಖ ತೋರಿಸದೆ ಸಾಲ ತೋರಿಸಿದ ಶಾಟ್ ಅದು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣವೂ ಕೊಲ್ಲಾಪುರದ ಸ್ಟುಡಿಯೋದಲ್ಲೇ ನಡೆದದ್ದು. ಪ್ರತಿ ಉಳಿದಿಲ್ಲ. ನಮ್ಮ ಭಾಷೆ ಮಾತಾಡಲು ಕಲಿತ ಚಿತ್ರದ ಮೊದಲ ಶಾಟನ್ನು ನೋಡುವ ದಾರಿಯೇ ಈಗ ಇಲ್ಲ. ನನಗಂತೂ ಇದು ದೊಡ್ಡ ಸಂಕಟ.

ಅದೇ ಕೊಲ್ಲಾಪುರದ ಪ್ರಭಾತ್ ಸಿನಿಮಾ ಕಂಪನಿ ಪುಣೆಗೆ ಹೋಯಿತು. ಅದರ ಸ್ಟುಡಿಯೋ ಜಾಗದಲ್ಲೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಗಿರೀಶ ಕಾಸರವಳ್ಳಿ ಅಲ್ಲಿ ಕಲಿತು ಡಿಪ್ಲೊಮಾಕ್ಕಾಗಿ ‘ಅವಶೇಷ್’ ತೆಗೆದರು, ರಾಷ್ಟ್ರಪ್ರಶಸ್ತಿ ಬಂತು. ಬೆನ್ನಿಗೇ 1977ರಲ್ಲಿ ‘ಘಟಶ್ರಾದ್ಧ’. ಎಸ್. ರಾಮಚಂದ್ರ ಅವರ ಕ್ಯಾಮೆರಾ ಅಲ್ಲಿ ನಾಣಿಯೆಂಬ ಸಣ್ಣ ಹುಡುಗನ ಬೆನ್ನು ಬಿಡುವುದಿಲ್ಲ. ದೊಡ್ಡವರ ಕ್ರೌರ್ಯ ಅವನಿಗೆ ಕಂಡಷ್ಟೇ ನಮಗೂ ಕಾಣುತ್ತದೆ.

ರಾಮ್ ರೆಡ್ಡಿಯವರ ‘ತಿಥಿ’ ನೋಡಿದವರಿಗೆ ಸೆಂಚುರಿ ಗೌಡ ಮರೆಯುವುದಿಲ್ಲ. ಮಂಡ್ಯದ ಹಳ್ಳಿಯ ಬೀದಿಬದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈಯುತ್ತಾನೆ, ಎದ್ದು ಹೋಗುತ್ತಾನೆ, ಬಿದ್ದು ಸಾಯುತ್ತಾನೆ. ಕ್ಯಾಮೆರಾಕ್ಕೆ ಯಾವ ಅವಸರವೂ ಇಲ್ಲ, ಅಲ್ಲೇ ಕಟ್ಟೆಯ ಮೇಲೆ ಕೂತ ಇನ್ನೊಬ್ಬನ ಹಾಗೆ ನೋಡುತ್ತಿರುತ್ತದೆ.

ಇನ್ನು 2024. ಪುಣೆಯ ಅದೇ ಸಂಸ್ಥೆಯ ವಿದ್ಯಾರ್ಥಿ, ಮೈಸೂರಿನ ಚಿದಾನಂದ ನಾಯ್ಕ್ ತೆಗೆದ 16 ನಿಮಿಷದ ಕನ್ನಡ ಚಿತ್ರಕ್ಕೆ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ. ಅಜ್ಜಿಯೊಬ್ಬಳು ಹುಂಜ ಕದ್ದಳು, ಊರಿಗೆ ಬೆಳಗೇ ಆಗಲಿಲ್ಲ. ಅಂಥ ಕಥೆಗೆ ಡ್ರೋನ್ ಹಾರಿಸಿ ಏನು ಕಾಣಬೇಕು? ಕತ್ತಲೆಯೊಳಗೇ ಶಾಟ್ ಹುಡುಕಬೇಕು.

ಇಷ್ಟೆಲ್ಲ ಹೇಳಿದೆ. ಹುಡುಗರು ಚಹಾ ಕುಡಿದು ಹೋದರು. ಒಪ್ಪಿದರೋ ಬಿಟ್ಟರೋ ತಿಳಿಯಲಿಲ್ಲ.

ಹೋದ ರವಿವಾರ ಮೊಬೈಲಿನಲ್ಲಿ ತಂದು ತೋರಿಸಿದರು. ಖಾನಾಪುರದಾಚೆ ಒಂದು ಹಳ್ಳಿಯ ತಿರುವು. ರಸ್ತೆಯ ಈಚೆ ಟ್ರೈಪಾಡ್. ಕೆಂಪು ಬಸ್ಸು ಬಂದು ನಿಂತು ಪರದೆಯನ್ನೆಲ್ಲ ತುಂಬುತ್ತದೆ. ಏನೂ ಕಾಣದು, ಕಂಡಕ್ಟರನ ಸೀಟಿ ಮಾತ್ರ. ಬಸ್ಸು ಹೊರಟಿತು. ಧೂಳು ಇಳಿದ ಮೇಲೆ ಆಚೆ ಬದಿಯಲ್ಲಿ ನಮಗೆ ಬೆನ್ನು ಹಾಕಿ ನಿಂತ ಅಜ್ಜ, ಕೈಯಲ್ಲೊಂದು ಚೀಲ.

“ಎಷ್ಟ್ ಟೇಕ್ ತಗೊಂಡ್ರಿ?” ಕೇಳಿದೆ.

“ಒಂದ ರೀ ಕಾಕಾ. ಮುಂದಿನ ಬಸ್ ಎರಡು ತಾಸಿಗೆ ಇತ್ತು.”