ಸಾರ್ವಜನಿಕ ಆರೋಗ್ಯ ಓದಿ ಸರ್ಕಾರದ ಪಾಲಿಸಿ ಕೆಲಸಕ್ಕೆ: ಸಿಡ್ನಿ, ಮೆಲ್ಬರ್ನ್ ದಾರಿ

ನಾನು ಸರ್ಕಾರಿ ನೌಕರಳು, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಆಡುವ ಮಾತು ನನ್ನದು, ಇಲಾಖೆಯದ್ದಲ್ಲ.

ವಾರಕ್ಕೊಂದಾದರೂ ವಾಟ್ಸಾಪ್ ಮೆಸೇಜ್ ಬರುತ್ತದೆ. ಕಳಿಸಿದವರು ದಾವಣಗೆರೆಯಲ್ಲಿ ಬಿಡಿಎಸ್ ಮಾಡಿದವರಿರಬಹುದು, ಹುಬ್ಬಳ್ಳಿಯ ಆಯುರ್ವೇದ ವೈದ್ಯರಿರಬಹುದು, ಪ್ಯಾರಮಟ್ಟದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಬೇಸತ್ತವರಿರಬಹುದು. ಪ್ರಶ್ನೆ ಮಾತ್ರ ಒಂದೇ. "ಮೇಡಂ, ಎಂಪಿಎಚ್ ಮಾಡಿದ್ರೆ ಗವರ್ನಮೆಂಟ್ ಕೆಲಸ ಸಿಗತ್ತಾ?" ಡಿಗ್ರಿ ತೋರಿಸಿದ ಮಾತ್ರಕ್ಕೆ ಸಿಗುವುದಿಲ್ಲ. ಆ ಡಿಗ್ರಿಯಲ್ಲಿ ಕಲಿಯುವ ಒಂದು ಬಗೆಯ ಯೋಚನೆ ಇದೆ, ಅದು ಕೈಗೆ ಹತ್ತಿದರೆ ಸಿಗುತ್ತದೆ. ಆ ಯೋಚನೆ ಯಾವುದು ಎಂಬುದನ್ನು ಮೊದಲು ಹೇಳಬೇಕು.

ನಮ್ಮ ಊರುಗಳಲ್ಲಿ ಆರೋಗ್ಯ ಅಂದರೆ ಡಾಕ್ಟರು, ಮಾತ್ರೆ, ಆಸ್ಪತ್ರೆ. ಆದರೆ ಬೆಂಗಳೂರನ್ನೇ ನೋಡಿ. 1898ರ ಆಗಸ್ಟ್‌ನಲ್ಲಿ ಅಲ್ಲಿಗೆ ಪ್ಲೇಗ್ ಬಂತು. ಜನ ಊರು ಬಿಟ್ಟು ಓಡಿದರು, ಪ್ಲೇಗಮ್ಮನ ಗುಡಿಗಳು ಎದ್ದವು. ಸರ್ಕಾರದ ಕಡೆಯಿಂದ ಆದ ದೊಡ್ಡ ಕೆಲಸ ಯಾವುದು? ಮಲ್ಲೇಶ್ವರ, ಬಸವನಗುಡಿ. ಕಿಷ್ಕಿಂಧೆಯಾಗಿದ್ದ ಪೇಟೆಯ ಹೊರಗೆ ಅಗಲ ರಸ್ತೆ, ಚರಂಡಿ, ಮನೆ ಮನೆಗೆ ಗಾಳಿ ಬೆಳಕು ಇರುವ ಬಡಾವಣೆಗಳು. ಈ ಸಭೆಯಲ್ಲಿ ಎಷ್ಟೋ ಜನರ ಅಜ್ಜನ ಮನೆ ಅಲ್ಲೇ ಇರಬಹುದು. ಅವು ಬರೀ ಡಾಕ್ಟರು ಬರೆದ ಔಷಧ ಚೀಟಿಯಿಂದ ಹುಟ್ಟಿದ ಬಡಾವಣೆಗಳಲ್ಲ. ದಿವಾನರ ಕಚೇರಿಯಲ್ಲಿ, ಇಂಜಿನಿಯರುಗಳ ಮೇಜಿನ ಮೇಲೆ, ಭೂಮಿಯ ಲೆಕ್ಕದ ಪುಸ್ತಕದಲ್ಲಿ ರೂಪುಗೊಂಡವು.

ಅದೇ ಪ್ಲೇಗು ಹಡಗುಗಳ ಜೊತೆ ಲೋಕವೆಲ್ಲ ಸುತ್ತಿ 1900ರ ಜನವರಿಯಲ್ಲಿ ಸಿಡ್ನಿಗೆ ಬಂತು. ಆ ವರ್ಷ 303 ಜನರಿಗೆ ತಗಲಿತು, 103 ಜನ ತೀರಿಕೊಂಡರು. ಜಾನ್ ಆಶ್‌ಬರ್ಟನ್ ಥಾಂಪ್ಸನ್ ಎಂಬ ಸರ್ಕಾರಿ ವೈದ್ಯಾಧಿಕಾರಿ ಒಂದೊಂದು ಪ್ರಕರಣವನ್ನೂ ಬಿಡಿಸಿ ನೋಡಿದರು: ಯಾರಿಗೆ, ಯಾವ ದಿನ, ಯಾವ ಬೀದಿಯಲ್ಲಿ, ಅಲ್ಲಿ ಸತ್ತ ಇಲಿ ಕಂಡಿತ್ತೇ? ಇಲಿ ಮತ್ತು ಚಿಗಟವೇ ಕಾರಣ ಎಂದು ಅವರು ವಾದಿಸಿದಾಗ ಲೋಕದ ಬಹಳ ವೈದ್ಯರು ಅದನ್ನು ಇನ್ನೂ ಒಪ್ಪಿರಲಿಲ್ಲ. ಸರ್ಕಾರ ಬಂದರು ಕಟ್ಟೆಗಳನ್ನೂ ದಿ ರಾಕ್ಸ್ ಸುತ್ತಲಿನ ಮನೆಗಳನ್ನೂ ವಶಕ್ಕೆ ತೆಗೆದುಕೊಂಡಿತು, ಎಷ್ಟೋ ಮನೆಗಳನ್ನು ಕೆಡವಿತು. ಊರಿಂದ ಅಪ್ಪ ಅಮ್ಮ ಬಂದಾಗ ನಾವು ಕರೆದುಕೊಂಡು ಹೋಗಿ ಕಾಫಿ ಕುಡಿಸುವ ಜಾಗ ಅದೇ. ಕಾಯಿಲೆಯ ಭಯದಲ್ಲಿ ಬಡವರನ್ನೂ ಚೀನೀಯರನ್ನೂ ಜನ ದೂರಿದ್ದೂ ಅದೇ ಕಥೆಯ ಭಾಗ.

ಯಾರಿಗೆ, ಎಲ್ಲಿ, ಯಾವಾಗ, ಯಾಕೆ ಅವರಿಗೇ? ಎಪಿಡೆಮಿಯಾಲಜಿ ಅನ್ನುವುದು ಈ ನಾಲ್ಕು ಪ್ರಶ್ನೆ. ಪಾಲಿಸಿ ಅನ್ನುವುದು ಐದನೆಯದು: ಹಾಗಾದರೆ ಸೋಮವಾರ ಬೆಳಿಗ್ಗೆ ಯಾರು ಏನು ಮಾಡಬೇಕು, ಯಾರ ದುಡ್ಡಿನಲ್ಲಿ?

ಇನ್ನು ನಮಗೆ ತೀರಾ ಹತ್ತಿರದ ಒಂದು ಸಂಗತಿ. 2016ರ ನವೆಂಬರ್ 21. ಮೆಲ್ಬರ್ನ್‌ನವರಿಗೆ ನೆನಪಿರುತ್ತದೆ. ಬಿಸಿಲಿನ ದಿನ, ಸಂಜೆ ಗಾಳಿ ತಿರುಗಿತು, ಗುಡುಗು ಮಳೆ. ಪಶ್ಚಿಮ ಮತ್ತು ಉತ್ತರದ ಹುಲ್ಲುಗಾವಲುಗಳ ರೈ ಹುಲ್ಲಿನ ಪರಾಗ ಮೋಡದೊಳಗೆ ಎದ್ದು, ಒಡೆದು, ಸಣ್ಣ ಕಣವಾಗಿ ಊರಿನ ಮೇಲೆ ಇಳಿಯಿತು. ದೊಡ್ಡ ಪರಾಗ ಮೂಗಿನಲ್ಲೇ ನಿಂತು ಸೀನು ತರಿಸುತ್ತದೆ. ಒಡೆದ ಕಣ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಮುಂದಿನ ಮೂವತ್ತು ಗಂಟೆಯಲ್ಲಿ ಉಸಿರಾಟದ ತೊಂದರೆಯಿಂದ ತುರ್ತು ಚಿಕಿತ್ಸೆಗೆ ಬಂದವರು ವಾಡಿಕೆಗಿಂತ ಮೂರು ಸಾವಿರಕ್ಕೂ ಹೆಚ್ಚು. ಆಂಬುಲೆನ್ಸ್ ಸಾಲಲಿಲ್ಲ. ಹತ್ತು ಜನ ತೀರಿಕೊಂಡರು.

ನಾನು ಆಗ ಸಿಡ್ನಿಯಲ್ಲಿ ಎಂಪಿಎಚ್ ಓದುತ್ತಿದ್ದೆ. ಮುಂದೆ ಅಧ್ಯಯನಗಳ ಅಂಕಿ ಬಂದಾಗ ನಮ್ಮ ಕ್ಲಾಸಿನಲ್ಲಿ ಚರ್ಚೆಯಾಯಿತು. ಹೆಚ್ಚು ಪೆಟ್ಟು ತಿಂದವರಲ್ಲಿ ದಕ್ಷಿಣ ಏಷ್ಯಾ ಮೂಲದವರು ಜನಸಂಖ್ಯೆಯ ಪಾಲಿಗಿಂತ ತುಂಬಾ ಜಾಸ್ತಿ. ಅಂದರೆ ನಾವು. ಅವರಲ್ಲಿ ಎಷ್ಟೋ ಜನರಿಗೆ ಅದುವರೆಗೆ ಆಸ್ತಮಾ ಇದೆ ಎಂದು ಯಾರೂ ಹೇಳಿರಲಿಲ್ಲ. ಇದ್ದದ್ದು ವಸಂತದಲ್ಲಿ ಸೀನು, ಕಣ್ಣು ತುರಿಕೆ. ನಮ್ಮ ಮನೆಗಳಲ್ಲಿ ಅದಕ್ಕೆ ಹೆಸರೇ ಇಲ್ಲ. "ಹವಾ ಒಗ್ಗಿಲ್ಲ" ಅನ್ನುತ್ತೇವೆ, ಕಷಾಯ ಕುಡಿಯುತ್ತೇವೆ, ಮುಗಿಯಿತು. ಬಂದ ಮೊದಲೆರಡು ವರ್ಷ ಏನೂ ಇರದೆ ಆಮೇಲೆ ಶುರುವಾಗುವುದೂ ಉಂಟು. ಮನೆಯಲ್ಲಿ ಪಫರ್ ಇಲ್ಲ. ಮನೆ ಕೊಂಡದ್ದು ಮಾತ್ರ ಪಶ್ಚಿಮದ ಹೊಸ ಬಡಾವಣೆಯಲ್ಲಿ, ಹುಲ್ಲುಗಾವಲಿನ ಅಂಚಿಗೆ.

ಡಾಕ್ಟರು ಇಲ್ಲಿ ಮಾಡುವುದು ಎದುರಿಗೆ ಬಂದವರ ಚಿಕಿತ್ಸೆ. ಪಾಲಿಸಿಯವರ ಕೆಲಸ ಬೇರೆ. ವಿಕ್ಟೋರಿಯಾ ಸರ್ಕಾರ ಪರಿಶೀಲನೆ ಮಾಡಿಸಿತು, ಮರಣಾಧಿಕಾರಿಯ ವಿಚಾರಣೆಯೂ ನಡೆಯಿತು. 2017ರಿಂದ ಅಕ್ಟೋಬರ್ ಒಂದರಿಂದ ಡಿಸೆಂಬರ್ ಕೊನೆಯವರೆಗೆ ಗುಡುಗು ಆಸ್ತಮಾದ ಮುನ್ಸೂಚನೆ ಬರುತ್ತಿದೆ. ಹವಾಮಾನ ಇಲಾಖೆ, ಪರಾಗ ಎಣಿಸುವ ವಿಜ್ಞಾನಿಗಳು, ಆರೋಗ್ಯ ಇಲಾಖೆ, ಆಂಬುಲೆನ್ಸ್, ಆಸ್ಪತ್ರೆ ಎಲ್ಲರನ್ನೂ ಒಂದೇ ದಾರಕ್ಕೆ ಪೋಣಿಸಬೇಕಾಯಿತು. ಅದನ್ನು ಕಟ್ಟಿದವರಲ್ಲಿ ನಾನಿರಲಿಲ್ಲ. ಆದರೆ ಈ ಕೆಲಸವನ್ನೇ ಮಾಡಬೇಕು ಎಂದು ನನಗೆ ಅನ್ನಿಸಿದ್ದು ಆ ಅಂಕಿಗಳನ್ನು ನೋಡಿದಾಗ. ನಿಮ್ಮಲ್ಲಿ ವಸಂತದಲ್ಲಿ ಸೀನುವವರು ಯಾರಿದ್ದೀರೋ, ದಯವಿಟ್ಟು ಈ ವಾರ ಜಿಪಿ ಹತ್ತಿರ ಹೋಗಿ ಬನ್ನಿ. ಇದು ಭಾಷಣದ ವಿಷಯವಲ್ಲ, ಆದರೂ ಹೇಳದೆ ಇರಲಾರೆ.

ಪಾಲಿಸಿ ಕೋಣೆಯಲ್ಲಿ ನಮ್ಮಂಥವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಮೆಲ್ಬರ್ನ್‌ನಲ್ಲೇ ಉದಾಹರಣೆ ಇದೆ. 2020ರ ಜುಲೈ 4ರಂದು ಫ್ಲೆಮಿಂಗ್ಟನ್, ನಾರ್ತ್ ಮೆಲ್ಬರ್ನ್‌ನ ಒಂಬತ್ತು ಸರ್ಕಾರಿ ವಸತಿ ಗೋಪುರಗಳನ್ನು ಕೋವಿಡ್ ಕಾರಣಕ್ಕೆ ಅದೇ ಸಂಜೆ ಮುಚ್ಚಿದರು. ಒಳಗೆ ಸುಮಾರು ಮೂರು ಸಾವಿರ ಜನ, ಬಹಳಷ್ಟು ಮಂದಿ ವಲಸಿಗರು. ಕೆಳಗೆ ಪೊಲೀಸರು ನಿಂತರು, ಏನಾಗುತ್ತಿದೆ ಎಂದು ಅವರವರ ಭಾಷೆಯಲ್ಲಿ ಹೇಳುವವರು ಆಮೇಲೆ ಬಂದರು. ಮುಚ್ಚುವುದು ಸರಿಯಿದ್ದಿರಬಹುದು, ಆದರೆ ಮುನ್ಸೂಚನೆಯೇ ಇಲ್ಲದೆ ಅಷ್ಟು ದಿಢೀರನೆ ಮಾಡಿದ್ದು ಮಾನವ ಹಕ್ಕುಗಳ ಕಾಯ್ದೆಗೆ ಹೊಂದುವುದಿಲ್ಲ ಎಂದು ಆಗಿನ ಒಂಬುಡ್ಸ್‌ಮನ್ ಡೆಬೊರಾ ಗ್ಲಾಸ್ ಅದೇ ಡಿಸೆಂಬರ್‌ನಲ್ಲಿ ವರದಿ ಕೊಟ್ಟರು. "ದುಭಾಷಿಗಳು ಬರಲು ಎಷ್ಟು ಹೊತ್ತು ಬೇಕು?" ಎಂದು ಕೇಳುವುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತಾವೇ ದುಭಾಷಿಯಾಗಿ ನಿಂತವರಿಗೆ ಅದು ತಾನಾಗಿ ಹೊಳೆಯುತ್ತದೆ.

ಸರಿ, ಈಗ ದುಡ್ಡು ಕಾಸಿನ ಮಾತು. ಊರಲ್ಲಿ ಸೈಟು ಮಾರಿ ಬರುವ ಮಕ್ಕಳಿದ್ದಾರೆ, ಅದಕ್ಕೇ ಬಿಚ್ಚಿ ಹೇಳುತ್ತೇನೆ. ಸ್ಟೂಡೆಂಟ್ ವೀಸಾದಲ್ಲಿ ಎಂಪಿಎಚ್ ಅಂದರೆ ಹತ್ತಾರು ಸಾವಿರ ಡಾಲರ್. ಮುಗಿಸಿದ ಮೇಲೆ ಕ್ಯಾನ್‌ಬೆರಾದ ಕೇಂದ್ರ ಸರ್ಕಾರದ ಕೆಲಸಕ್ಕೆ ಸಾಮಾನ್ಯವಾಗಿ ಪೌರತ್ವವೇ ಬೇಕು. ರಾಜ್ಯ ಸರ್ಕಾರಗಳಲ್ಲಿ, ಅಂದರೆ ಸಿಡ್ನಿ ಮೆಲ್ಬರ್ನ್‌ಗಳಲ್ಲಿ, ಕಾಯಂ ಹುದ್ದೆಗೆ ಸಾಮಾನ್ಯವಾಗಿ ಪಿಆರ್ ಸಾಕು. ಏಜೆಂಟರು ಈ ವ್ಯತ್ಯಾಸ ಹೇಳುವುದನ್ನು ನಾನಂತೂ ಕೇಳಿಲ್ಲ. ಪಿಆರ್ ಇದ್ದರೆ ಫೀಸು ಕಡಿಮೆ, ಆದರೆ ಫೀ-ಹೆಲ್ಪ್ ಸಾಲ ಸಾಮಾನ್ಯವಾಗಿ ಪೌರರಿಗೆ; ಪಿಆರ್‌ನವರು ಕೈಯಿಂದಲೇ ಕಟ್ಟಬೇಕು. ಪೌರತ್ವ ಇನ್ನೊಂದು ವರ್ಷದಲ್ಲಿ ಬರುವುದಿದ್ದರೆ ಕಾಯುವುದು ಜಾಣತನ. ಹಲ್ಲಿನ ಡಾಕ್ಟರಾಗಿಯೇ ಇರಬೇಕು ಎಂದು ಮನಸ್ಸು ಹೇಳುತ್ತಿದ್ದರೆ ಎಂಪಿಎಚ್ ಅಡ್ಡದಾರಿ. ಕೌನ್ಸಿಲ್ ಪರೀಕ್ಷೆಗೇ ಕೂತುಕೊಳ್ಳಿ.

ಓದುವವರು ಬಯೋಸ್ಟಾಟಿಸ್ಟಿಕ್ಸ್‌ಗೆ ಹೆದರಬೇಡಿ, ಹೆಲ್ತ್ ಎಕನಾಮಿಕ್ಸ್ ಬಿಡಬೇಡಿ. ಸಿಡ್ನಿ, ನ್ಯೂ ಸೌತ್ ವೇಲ್ಸ್, ಮೆಲ್ಬರ್ನ್, ಮೊನಾಶ್, ಯಾವ ವಿಶ್ವವಿದ್ಯಾಲಯ ಎಂಬುದಕ್ಕಿಂತ ಇಲಾಖೆಯೊಳಗೆ ಪ್ಲೇಸ್‌ಮೆಂಟ್ ಸಿಗುತ್ತದೆಯೇ ಎಂಬುದು ಮುಖ್ಯ. ನ್ಯೂ ಸೌತ್ ವೇಲ್ಸ್‌ನಲ್ಲಿ 1990ರಿಂದ ನಡೆಯುತ್ತಿರುವ ಪಬ್ಲಿಕ್ ಹೆಲ್ತ್ ಆಫೀಸರ್ ತರಬೇತಿ ಇದೆ. ಮೂರು ವರ್ಷ, ಸಂಬಳ ಸಹಿತ, ಎಂಪಿಎಚ್ ಮುಗಿದಿರಬೇಕು. ಸ್ಪರ್ಧೆ ಜೋರು. ಪಾಲಿಸಿ ಆಫೀಸರ್ ಹುದ್ದೆಗಳು ಸಿಡ್ನಿಯಲ್ಲಿ ಸಾಮಾನ್ಯವಾಗಿ ಕ್ಲರ್ಕ್ ಗ್ರೇಡ್ 7/8, ಮೆಲ್ಬರ್ನ್‌ನಲ್ಲಿ ವಿಪಿಎಸ್ 4. ಕ್ಲರ್ಕ್ ಎಂಬ ಹೆಸರು ನೋಡಿ ನಮ್ಮ ಮಾವ ಬೇಜಾರಾಗಿದ್ದರು! ಅದು ಒಳ್ಳೆಯ ಸಂಬಳದ ಹುದ್ದೆ, ಹೆಸರಷ್ಟೇ ಹಾಗೆ. ನನ್ನ ಮೊದಲ ಕೆಲಸ ಅದಲ್ಲ. ಎಂಟು ತಿಂಗಳ ಕಾಂಟ್ರಾಕ್ಟ್, ಲಸಿಕೆಯ ದತ್ತಾಂಶ ತಿದ್ದುವುದು. ಅಲ್ಲಿಂದಲೇ ಒಳಗಿನ ದಾರಿ ಕಂಡದ್ದು.

ಕೊನೆಗೆ ಇಂಟರ್‌ವ್ಯೂ. ನಾನು ಈಗ ಪ್ಯಾನೆಲ್‌ನ ಆಚೆ ಬದಿಯಲ್ಲೂ ಕೂರುತ್ತೇನೆ. ನಮ್ಮವರು "ನಾವು ಮಾಡಿದೆವು" ಅನ್ನುತ್ತಾರೆ. ಕನ್ನಡದಲ್ಲಿ "ನಾನು ನಾನು" ಅಂದರೆ ಅಹಂಕಾರ, ಹಾಗೆಂದು ಬೆಳೆದಿದ್ದೇವೆ. ಪ್ಯಾನೆಲ್‌ಗೆ ಆ "ನಾವು" ಒಳಗೆ ನೀವು ಯಾರು ಎಂದು ಗೊತ್ತಾಗುವುದಿಲ್ಲ, ಅಂಕ ಹೋಗುತ್ತದೆ. ಬರವಣಿಗೆಯಲ್ಲೂ ಹಾಗೇ. ಮಂತ್ರಿಗೆ ಹೋಗುವ ಟಿಪ್ಪಣಿ ಎರಡು ಪುಟ. ಏನು ಮಾಡಬೇಕು ಎಂಬುದು ಮೊದಲ ಸಾಲಿನಲ್ಲಿ, ಹಿನ್ನೆಲೆ ಆಮೇಲೆ. ನಾವು ಪೀಠಿಕೆಯಿಂದ ಶುರು ಮಾಡುತ್ತೇವೆ, ಮಂತ್ರಿ ಅಷ್ಟು ದೂರ ಓದುವುದಿಲ್ಲ. ದಿನಕ್ಕೊಂದು ಪತ್ರಿಕೆ ಸುದ್ದಿ ತೆಗೆದುಕೊಂಡು ಅರ್ಧ ಪುಟದಲ್ಲಿ ಹಾಗೆ ಬರೆದು ನೋಡಿ. ಮೂರು ತಿಂಗಳಿಗೆ ಕೈ ತಿರುಗುತ್ತದೆ.

ಊಟದ ನಂತರ ಬಾಗಿಲ ಬಳಿಯ ಮೇಜಿನಲ್ಲಿ ಇರುತ್ತೇನೆ. ರೆಸ್ಯೂಮೆ ಇದ್ದವರು ತನ್ನಿ, ಪೆನ್ನು ನನ್ನ ಹತ್ತಿರ ಇದೆ. ವೀಸಾ ಪ್ರಶ್ನೆಗಳಿಗೆ ನೋಂದಾಯಿತ ಮೈಗ್ರೇಷನ್ ಏಜೆಂಟರನ್ನೇ ಕೇಳಿ, ನನ್ನನ್ನಲ್ಲ.